ಕೊರಿಯಾದವರ ಎಡೆ

ಸ್ನೇಹಿತರೇ, ಕೊರಿಯಾದ ಧಾರಾವಾಹಿ ಎಂದರೆ ಬರೀ ಪ್ರೇಮ ಮತ್ತು ನೂಡಲ್ಸ್ ಎಂದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಮಗಳು ಹಾಕಿದ ಕಂತಿನಲ್ಲಿ ಒಂದು ಮನೆಯವರು ತೀರಿಕೊಂಡ ತಂದೆಗೆ ಇಷ್ಟದ ಅಡುಗೆಯನ್ನೆಲ್ಲ ಬಡಿಸಿದರು. ಇಡೀ ಮೀನೂ ಇತ್ತು. ಅಡ್ಡಬಿದ್ದು, ತಂದೆ ನೆಮ್ಮದಿಯಾಗಿ ಉಣ್ಣಲಿ ಎಂದು ಬಾಗಿಲೆಳೆದು ಹೊರಗೆ ನಿಂತರು. ನನಗೆ ಮೈ ಜುಮ್ಮೆಂದಿತು. ನಮ್ಮ ಉಡುಪಿ ಕಡೆಯೂ ಎಡೆ ಬಡಿಸಿ ಹೀಗೆಯೇ ಹೊರಗೆ ಕಾಯುತ್ತೇವೆ. ಅಷ್ಟು ದೂರದ ಜನಕ್ಕೆ ಇದನ್ನು ಯಾರು ಹೇಳಿಕೊಟ್ಟರು!

"ಅಮ್ಮಾ, ಸೇಮ್ ಟು ಸೇಮ್ ನಮ್ ಥರಾನೇ!" ಎಂದಳು ಮಗಳು.

ಎದುರುಮನೆಯ ಗುಜರಾತಿ ಹಂಸಾಬೆನ್ ನಮ್ಮ ಜೊತೆ ಚಹಾ ಕುಡಿಯುತ್ತ ನೋಡುತ್ತಿದ್ದರು. ಅವರ ಗಂಡ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ. ಇಲ್ಲಿ ಯಾರೂ ಮೀನು ಬೇಯಿಸಬಾರದು ಎಂಬುದು ಅವರದೇ ನಿಯಮ.

"ಅರೇರೇ, ಪೂಜೆಯಲ್ಲಿ ಮಚ್ಛೀನಾ?" ಎಂದು ಮುಖ ಸಿಂಡರಿಸಿದರು.

"ಇದು ದೇವರಿಗಲ್ಲ ಬೆನ್, ಅಪ್ಪನಿಗೆ," ಎಂದೆ. "ಮುಂದಿನ ಭಾನುವಾರ ನಮ್ಮವರ ಮೊದಲ ವರ್ಷದ ಎಡೆ. ಅವರಿಗೆ ಬಂಗುಡೆ ಮೀನು ಎಂದರೆ ಪ್ರಾಣ. ನಾನು ಬೇಳೆಸಾರು ಬಡಿಸಿ ಬಾಗಿಲು ಹಾಕಬೇಕು."

ಟಿವಿಯಲ್ಲಿ ಆ ಮನೆಯ ಮಗ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಿದ್ದ. ಹಂಸಾಬೆನ್ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

"ಸುಧಾಬೆನ್, ಭಾನುವಾರ ನನಗೂ ಸೆಕ್ರೆಟರಿ ಸಾಹೇಬರಿಗೂ ನೆಗಡಿ. ಯಾವ ವಾಸನೆಯೂ ಬರೋದಿಲ್ಲ. ಕಿಟಕಿ ಮಾತ್ರ ಮುಚ್ಚಿಕೊಳ್ಳಿ."

ಒಂದು ವಾರ ಮೊದಲೇ ಗೊತ್ತಾಗುವ ನೆಗಡಿಯನ್ನು ನಾನು ಕೊರಿಯಾದ ಧಾರಾವಾಹಿಯಲ್ಲೂ ನೋಡಿರಲಿಲ್ಲ.