ಹೊಡೆಯದ ಕಾಯಿ

ನಮ್ಮ ಅತ್ತಿಗೆ ಜಂಬವ್ವನ ಕಷ್ಟ ಯಾರ ಮುಂದೆ ಹೇಳಿದರೂ ನಕ್ಕಾರು. ಕಾಲುವೆ ನೀರು ಬಂತು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಕಂಪ್ಲಿ ಹತ್ತಿರದ ನಮ್ಮ ತವರೂರಿನಲ್ಲಿ ಅಣ್ಣ ಎರ್ರಿಯಪ್ಪ ತಾರಸಿ ಮನೆ ಕಟ್ಟಿಸಿದ, ಟ್ರ್ಯಾಕ್ಟರ್ ತಂದ. ತಂದವನು ಹೆಂಡತಿಗೆ, ಇನ್ನು ಮೇಲೆ ನೀನು ಕೆಸರಿಗೆ ಇಳಿಯಬೇಡ, ನೋಡಿದವರು ಏನಂದಾರು ಎಂದ. ಅಷ್ಟೇ ಕಷ್ಟ. ನಾನೋ ಗಾದಿಗನೂರಿಗೆ ಸೊಸೆಯಾಗಿ ಹೋದವಳು. ಮಳೆ ನಂಬಿದ ಹೊಲ, ಅದು ಕೈಕೊಟ್ಟ ವರ್ಷ ಅದಿರಿನ ಲಾರಿ ತುಂಬುವ ಕೂಲಿ. ಮಧ್ಯಾಹ್ನ ಜನ ಸುಮ್ಮನೆ ಕೂತಿರುತ್ತಾರೆ ಎಂಬುದೇ ನನಗೆ ಮರೆತುಹೋಗಿತ್ತು. ತವರಿಗೆ ಹೋದಾಗಲೆಲ್ಲ ಅತ್ತಿಗೆ ಹೊತ್ತು ಹೋಗುವುದಿಲ್ಲ ಎಂದು ಗೋಳಾಡಿದರೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮೂರಿಗೆ ಬಾ, ಹೊತ್ತು ಹೆಂಗೆ ಹೋಗುತ್ತದೆ ತೋರಿಸುತ್ತೇನೆ ಎಂದು ಒಮ್ಮೆ ಮುಖದ ಮೇಲೇ ಅಂದಿದ್ದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ, ಬರಲೇನು ಎಂದು ಕೇಳಿದಳು.

ಮೊದಲು ಹೀಗಿರಲಿಲ್ಲ. ಸುಗ್ಗಿ ಮುಗಿದರೆ ಮುಂಗಾರಿನ ತನಕ ಊರಿಗೆ ಊರೇ ಖಾಲಿ ಕೂತಿರುತ್ತಿತ್ತು. ಉಂಡು ಕೈತೊಳೆದ ಹೆಂಗಸರು ಊರಮ್ಮನ ಗುಡಿಕಟ್ಟೆಗೆ ಬಂದು, ಬಂಡೆಯ ಮೇಲೆ ಸುಣ್ಣದಲ್ಲಿ ಗೆರೆ ಬರೆದು ಚೌಕಾಬಾರ ಆಡುತ್ತಿದ್ದೆವು. ಕವಡೆ ಎಸೆಯಬೇಕು, ಬಿದ್ದ ಲೆಕ್ಕಕ್ಕೆ ಕಾಯಿ ನಡೆಸಬೇಕು. ಹೊರಗಿನ ಮನೆಗಳನ್ನು ಸುತ್ತಿ, ಒಳಸುತ್ತಿಗೆ ಹೊಕ್ಕು, ನಡುಮನೆ ಸೇರಿದರೆ ಕಾಯಿ ಹಣ್ಣಾದ ಹಾಗೆ. ಆದರೆ ನಮ್ಮೂರಿನ ಕಟ್ಟಳೆ ಏನೆಂದರೆ, ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ, ಹೊರಗೇ ತಿರುಗುತ್ತಿರಬೇಕು. ಹೊಡೆಯುವುದರಲ್ಲಿ ಜಂಬವ್ವ ಭಾರೀ ಗಟ್ಟಿಗಿತ್ತಿ. ಕರುಣೆ ಗಿರುಣೆ ಏನಿಲ್ಲ. ಹಣ್ಣಾಗಲು ಎರಡೇ ಮನೆ ಇದ್ದ ನನ್ನ ಕಾಯಿ ಹೊಡೆದು, ಬಸುರಿಯಾಗಿದ್ದ ನನ್ನನ್ನು ಅಳಿಸಿದ ಪುಣ್ಯಾತ್ಗಿತ್ತಿ ಅವಳು.

ಎರಡು ಬೆಳೆ ಶುರುವಾದ ಮೇಲೆ ಆ ಕಟ್ಟೆ ಬರಿದಾಯಿತು. ಒಂದು ನಾಟಿ ಮುಗಿಯಿತೆಂದರೆ ಕಳೆ, ಕಳೆ ಮುಗಿಯಿತೆಂದರೆ ಕೊಯ್ಲು. ಜೊತೆಗೆ ಆಡಿದವರೇ ಅಣ್ಣನ ಗದ್ದೆಗೆ ಕೂಲಿಗೆ ಬರತೊಡಗಿದರು. ಒಮ್ಮೆ ಜಂಬವ್ವ ಬುತ್ತಿಯ ಹೊತ್ತಿನಲ್ಲಿ ಅವರನ್ನು ಮನೆಗೆ ಕರೆಸಿ, ಚಹಾ ಕೊಟ್ಟು, ಪಡಸಾಲೆಯಲ್ಲಿ ಆಟಕ್ಕೆ ಕೂಡಿಸಿಕೊಂಡಳು. ಭೀಮಮ್ಮ, ಪಕೀರಮ್ಮ ಕೆಸರುಗಾಲು ಮುದುರಿಕೊಂಡು ಕೂತು ಆಡಿದರು, ಬೇಕೆಂದೇ ಸೋತರು. ಸಾಹುಕಾರರ ಹೆಂಡತಿ ಹೊಡೆಯಲಿ ಎಂದು ಕಾಯಿಯನ್ನು ತಂದು ಅವಳ ಮುಂದೆಯೇ ಇಟ್ಟರು. ಅವಳಿಗೆ ತಿಳಿಯಲಿಲ್ಲ ಅಂದುಕೊಂಡಿರಾ? ಎಲೆ ಅಡಿಕೆ ಕೊಟ್ಟು ಕಳಿಸಿ, ಒಳಗೆ ಹೋಗಿ ಅತ್ತಳು. ಮತ್ತೆ ಯಾರನ್ನೂ ಕರೆಯಲಿಲ್ಲ.

ಕಾಲುವೆಯ ಆಚೆ ಕ್ಯಾಂಪು. ನೀರು ಬಂದ ಹೊಸದರಲ್ಲಿ ಗೋದಾವರಿ ಕಡೆಯಿಂದ ಬಂದ ತೆಲುಗರು ಭೂಮಿ ಕೊಂಡು ಕಟ್ಟಿಕೊಂಡ ಊರು ಅದು. ಭತ್ತ ಬೆಳೆಯುವುದನ್ನು ನಮ್ಮವರು ಕಲಿತದ್ದೇ ಅವರಿಂದ. ದುಡಿದರೆ ದೆವ್ವದ ಹಾಗೆ ದುಡಿಯುತ್ತಿದ್ದರು, ಬಿಡುವಿದ್ದರೆ ಹಾಗೇ ಆಡುತ್ತಿದ್ದರು. ಗಂಡಸರಿಗೆ ಇಸ್ಪೀಟು, ಸಂಕ್ರಾಂತಿಗೆ ಕೋಳಿ ಪಂದ್ಯ. ಹೆಂಗಸರಿಗೆ ತೆಲುಗು ವಾರಪತ್ರಿಕೆ, ಟ್ರ್ಯಾಕ್ಟರ್ ಹತ್ತಿ ಹೊಸಪೇಟೆಯ ಸಿನಿಮಾ. ನಮ್ಮ ಗಂಡಸರ ಬಿಡುವೆಲ್ಲ ಚಹಾದಂಗಡಿಯಲ್ಲೇ ಕರಗಿಹೋಗುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಅಣ್ಣ ಬೀಜದ ಭತ್ತ ತರಲು ಕ್ಯಾಂಪಿಗೆ ಹೋದವನು ಅತ್ತಿಗೆಯನ್ನೂ ಕರೆದೊಯ್ದ. ಆ ಮನೆಯ ಯಜಮಾನಿ ವೆಂಕಾಯಮ್ಮ. ಅವಳ ವರಾಂಡದ ಸಿಮೆಂಟು ನೆಲದ ಮೇಲೆ ಕೆಂಪು ಬಣ್ಣದಲ್ಲಿ ಚೌಕಾಬಾರದ ಮನೆ! ಅವರು ಅದಕ್ಕೆ ಅಷ್ಟಾಚಮ್ಮ ಎನ್ನುತ್ತಾರೆ. ಇವಳಿಗೆ ತೆಲುಗು ಅರೆಬರೆ, ಅವಳಿಗೆ ಕನ್ನಡ ಅದಕ್ಕಿಂತ ಕಡಿಮೆ. ಬೀಜದ ಮೂಟೆ ಗಾಡಿಗೇರುವುದರೊಳಗೆ ಇಬ್ಬರೂ ಕೂತುಬಿಟ್ಟಿದ್ದರು. ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂದು ಅತ್ತಿಗೆ ಕೈಸನ್ನೆ ಮಾಡಿ ಹೇಳಿದಳಂತೆ. ವೆಂಕಾಯಮ್ಮ ಸರೇ ಎಂದು ತಲೆಯಾಡಿಸಿದಳಂತೆ. ಅವತ್ತು ಹೊಡೆಯುವ ಲೆಕ್ಕ ಮೊದಲು ಬಿದ್ದದ್ದು ವೆಂಕಾಯಮ್ಮನಿಗೆ. ಮನೆಗೆ ಬಂದವಳನ್ನು ಹೊಡೆಯುವುದೇ ಎಂದು ಬೇರೆ ಕಾಯಿ ನಡೆಸಿದಳು. ತನ್ನನ್ನು ಬಿಟ್ಟವಳನ್ನು ತಾನು ಹೇಗೆ ಹೊಡೆಯಲಿ ಎಂದು ಮರುದಿನ ಮತ್ತೆ ಆಡಲು ಹೋದಾಗ ಜಂಬವ್ವನೂ ಬಿಟ್ಟಳು. ಅದೇ ರೂಢಿಯಾಯಿತು.

ನಾನು ಒಮ್ಮೆ ಜೊತೆಗೆ ಹೋಗಿ ನೋಡಿದೆ. ಅತ್ತಿಗೆಯದು ಬಳೆಚೂರು, ಅವಳದು ಹುಣಸೆಬೀಜ. ಎರಡೂ ಗಾಣದೆತ್ತಿನ ಹಾಗೆ ಹೊರಗೇ ಸುತ್ತುತ್ತಿವೆ. ಒಬ್ಬರೂ ಹೊಡೆಯುವವರಲ್ಲ, ಒಬ್ಬರೂ ಒಳಗೆ ಹೋಗುವವರಲ್ಲ. ಸಂಜೆಗೆ ಕಾಯಿಗಳನ್ನು ಇದ್ದಲ್ಲೇ ಬಿಟ್ಟು, ಬೆತ್ತದ ಬುಟ್ಟಿ ಮುಚ್ಚಿ ಏಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಹೊಡಿ ಅತ್ತಿಗಿ, ಮುಂದೇ ಕುಂತೈತಲ್ಲ" ಎಂದೆ.

ಅವಳು ಕೇಳಿಸದವಳ ಹಾಗೆ ಬೇರೆ ಕಾಯಿ ನಡೆಸಿದಳು. ಇದೆಂಥ ಆಟ, ಹುಚ್ಚರ ಸಂತೆ ಎಂದು ದಾರಿಯುದ್ದಕ್ಕೂ ಬೈದೆ. ಅವಳು ನಗುನಗುತ್ತ ಕಾಲುವೆ ಏರಿಯ ಮೇಲೆ ನಡೆದಳು. ಅಷ್ಟು ಹಗುರಾಗಿ ಅವಳು ನಡೆದದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಐದಾರು ವರ್ಷ ಹೀಗೇ ನಡೆಯಿತು. ಆಮೇಲೆ ವೆಂಕಾಯಮ್ಮ ಮಗಳ ಬಾಣಂತನಕ್ಕೆಂದು ಗೋದಾವರಿ ಕಡೆಯ ತಣುಕು ಎಂಬ ಊರಿಗೆ ಹೋದಳು. ಕಾಯಿ ಯಾರೂ ಮುಟ್ಟಬಾರದು ಎಂದು ಸೊಸೆಗೆ ಹೇಳಿ ಬುಟ್ಟಿ ಮುಚ್ಚಿಟ್ಟಿದ್ದಳು. ತಿಂಗಳಲ್ಲಿ ಬರುವವಳು ದಸರೆ ಕಳೆದರೂ ಬರಲಿಲ್ಲ. ಅತ್ತಿಗೆ ದಿನಾ ಮಧ್ಯಾಹ್ನ ಕಾಲುವೆ ಏರಿಗೆ ಹೋಗಿ ಕ್ಯಾಂಪಿನ ಕಡೆ ನೋಡಿ ಬರುತ್ತಿದ್ದಳಂತೆ. ಅಣ್ಣ ಟೇಪ್ ರೆಕಾರ್ಡರ್ ತಂದುಕೊಟ್ಟ, ಹೊಸಪೇಟೆಗೆ ಸಿನಿಮಾಕ್ಕೆ ಕರೆದೊಯ್ದ. ಸಿನಿಮಾದಲ್ಲಿ ಅವಳು ನಿದ್ದೆ ಮಾಡಿದಳು.

ದೀಪಾವಳಿಗೆ ನಾನು ತವರಿಗೆ ಬಂದಾಗ ಕ್ಯಾಂಪಿನಿಂದ ಸುದ್ದಿ ಬಂತು. ವೆಂಕಾಯಮ್ಮ ಅಲ್ಲೇ ಕಾಮಾಲೆಯಾಗಿ ತೀರಿಕೊಂಡಿದ್ದಳು. ಮಗ ಸೊಸೆ ಕರ್ಮ ಮುಗಿಸಿ ತಿರುಗಿ ಬಂದಿದ್ದರು. ಮಾತನಾಡಿಸಿ ಬರಲು ನಾನೂ ಅತ್ತಿಗೆಯೂ ಹೋದೆವು. ಸೊಸೆ ಕನ್ನಡ ಚೆನ್ನಾಗಿಯೇ ಆಡುತ್ತಿದ್ದಳು. ಅತ್ತಳು, ಕಾಫಿ ಕೊಟ್ಟಳು, ವರಾಂಡದ ಮೂಲೆಯ ಬುಟ್ಟಿ ತೆಗೆದು ತೋರಿಸಿದಳು. ಕಾಯಿಗಳು ಇದ್ದಲ್ಲೇ ಇದ್ದವು.

"ಪಾಪ, ಒಂದು ಕಾಯಿನಾರ ಹಣ್ಣು ಮಾಡಲಿಲ್ಲ ಆಕಿ" ಎಂದಳು ಅತ್ತಿಗೆ. "ನನ್ನ ಹೊಡದು ಒಳಗ ಹೋಗಬಾರದಿತ್ತಾ?"

ಸೊಸೆ ಕಣ್ಣೊರೆಸಿಕೊಂಡು ಹೇಳಿದಳು: "ನಮ್ಮಲ್ಲಿ ಹೊಡೀಲೇಬೇಕು ಅಂತಿಲ್ಲಮ್ಮ. ಒಂದು ಸುತ್ತು ಮುಗಿದರೆ ಒಳಗೆ ಹೋಗಬಹುದು. ಅತ್ತಯ್ಯ ನನ್ನ ಜೊತೆ ಹಾಗೇ ಆಡ್ತಿದ್ದರು. ನಿಮ್ಮ ಜೊತೆ ಮಾತ್ರ ಯಾಕೋ ಸುತ್ತುತಾನೇ ಇರ್ತಿದ್ದರು."

ಜಂಬವ್ವ ಸೆರಗು ಸಿಕ್ಕಿಸಿ ಚೌಕಾಬಾರದ ಮನೆಯ ಮುಂದೆ ಕೂತು ಕವಡೆ ಕೈಗೆತ್ತಿಕೊಂಡಳು. ವೆಂಕಾಯಮ್ಮನ ಪರವಾಗಿ ಎಸೆದಳು, ಒಂದು ಹುಣಸೆಬೀಜವನ್ನು ಒಳಸುತ್ತಿಗೆ ನಡೆಸಿದಳು. ಮತ್ತೆ ಎಸೆದಳು. ಒಂದೊಂದೇ ಬೀಜ ನಡುಮನೆ ಸೇರಿತು. ಕೊನೆಯದಕ್ಕೆ ಒಂದೇ ಒಂದು ಬೀಳಬೇಕು, ಅದು ಬೀಳಲೊಲ್ಲದು. ಬಿಸಿಲು ವರಾಂಡ ದಾಟಿ ಅಂಗಳಕ್ಕಿಳಿಯಿತು. ನಾನೇ ಎತ್ತಿ ಇಟ್ಟುಬಿಡುತ್ತಿದ್ದೆ, ಆದರೆ ಅವಳ ಮುಖ ನೋಡಿ ಧೈರ್ಯವಾಗಲಿಲ್ಲ. ಕಡೆಗೆ ಬಿತ್ತು. ಬೀಜಗಳು ನಾಲ್ಕೂ ಹಣ್ಣಾದವು.

ಬಳೆಚೂರುಗಳು ಹೊರಸುತ್ತಿನಲ್ಲೇ ಇದ್ದವು.

"ನಿನ್ನವೂ ಒಳಗ ನಡಸು ಅತ್ತಿಗಿ" ಎಂದೆ. "ಯಾರು ಕೇಳತಾರ ಈಗ?"

"ಬ್ಯಾಡ" ಎಂದು ಅವಳು ಕವಡೆಗಳನ್ನು ಸೊಸೆಯ ಕೈಗೆ ಕೊಟ್ಟು ಎದ್ದಳು. "ನಾ ಆಕಿನ ಹೊಡದಿಲ್ಲಲ್ಲ."