ಸಂತೆಯ ಕೊಸರು

ಈಗ ಬರೆಯುತ್ತಿರುವುದರಲ್ಲಿ ಒಂದಷ್ಟು ತಪ್ಪಿರಬಹುದು. ದಾವಣಗೆರೆಯ ಸಂತೆ ಭಾನುವಾರ, ಅದು ಖಂಡಿತ. ಹರಿಹರದ್ದು ಮಂಗಳವಾರವೆಂದು ನೆನಪು, ಆದರೆ ಆ ದಿನ ನನಗೆ ಶಾಲೆ ಏಕಿರಲಿಲ್ಲ ಎಂದರೆ ಉತ್ತರವಿಲ್ಲ. ಐವತ್ತರ ದಶಕದ ಕೊನೆಯಿರಬೇಕು. ನಾನಿನ್ನೂ ಅವ್ವನ ಸೆರಗು ಹಿಡಿದು ನಡೆಯುತ್ತಿದ್ದೆ.

ಆಗ ನಾವಿದ್ದದ್ದು ದಾವಣಗೆರೆ, ಅವ್ವನ ತವರು ಹತ್ತಿರದ ಹಳ್ಳಿ ಲೋಕಿಕೆರೆ. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಅಪ್ಪನಿಗೂ ಅವ್ವನ ಅಣ್ಣನಿಗೂ ಮಾತು ಬೆಳೆದು, ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತ್ತು. ನಾಗರ ಪಂಚಮಿಗೆ ಅಣ್ಣ ಕರೆಯದೆ ಹೆಣ್ಣುಮಕ್ಕಳು ತಾವಾಗಿ ತವರಿಗೆ ಹೋಗುವಂತಿರಲಿಲ್ಲ. ಮಾವ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಆದರೆ ಭಾನುವಾರದ ಸಂತೆಯಲ್ಲಿ ಬದನೆಕಾಯಿ ರಾಶಿ ಹಾಕಿಕೊಂಡು ಕೂರುತ್ತಿದ್ದರು. ಅಣ್ಣ ತಂಗಿಯಾಗಿ ಮಾತಿರಲಿಲ್ಲ. ಮಾರುವವರು, ಕೊಳ್ಳುವವರಾಗಿ ಆಡಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವ್ವ ನೇರವಾಗಿ ಅಲ್ಲಿಗೆ ಹೋಗುತ್ತಿರಲಿಲ್ಲ. ಬೆಲ್ಲ ಮುರಿದು ಬಾಯಿಗೆ ಹಾಕಿಕೊಳ್ಳುವಳು, ಒಣಮೆಣಸಿನಕಾಯಿ ಕೈಯಲ್ಲಿ ಹಿಡಿದು ನೋಡುವಳು, ನನಗೆ ಮಂಡಕ್ಕಿ ಕೊಡಿಸುವಳು. ಮಾವನ ಜಾಗ ಎಲ್ಲಕ್ಕಿಂತ ಕೊನೆಗೆ. ಮೊದಲೇ ಹೋದರೆ ಬೇಗ ಮುಗಿದುಹೋಗುವುದೆಂದಿರಬೇಕು.

"ಏನ್ರಿ ಯಜಮಾನ್ರೆ, ಕಾಯಿ ಬಾಡ್ಯಾವಲ್ರಿ. ಮನ್ಯಾಗ ನೀರು ಹಾಕೋರಿಲ್ಲೇನು?"

"ಹಾಕೋ ಮುದುಕಿಗೆ ಮಂಡಿ ನೋವು, ಅಮ್ಮಾರೆ. ಕೂತ್ರೆ ಏಳಾಕಾಗಲ್ಲ."

"ಎಣ್ಣಿ ತಿಕ್ಕಾಕ ಹೇಳ್ರಿ."

"ತಿಕ್ಕೋ ಮಗಳು ಪ್ಯಾಟಿ ಸೇರಿ ದೊಡ್ಡ ಅಮ್ಮಾರಾಗ್ಯಾಳ. ನಮ್ಮ ಕಾಯಿ ಈಗ ಬಾಡಿದಂಗೇ ಕಾಣ್ತಾವು."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ಮುದುಕಿ ನನ್ನ ಅಜ್ಜಿಯೆಂದು ನನಗೆ ಆಗಲೇ ಗೊತ್ತಿತ್ತೇ, ಆಮೇಲೆ ತಿಳಿದದ್ದನ್ನು ಇಲ್ಲಿ ಸೇರಿಸುತ್ತಿದ್ದೇನೆಯೇ, ಹೇಳಲಾರೆ.

ತೂಕ ಮುಗಿದ ಮೇಲೆ ಕೊಸರು. ಎಲ್ಲರೂ ಒಂದೆರಡು ಕಾಯಿ ಹೆಚ್ಚಿಗೆ ಹಾಕುತ್ತಿದ್ದರು. ಪಂಚಮಿಯ ಹಿಂದಿನ ಸಂತೆಯಲ್ಲಿ ಮಾವ ಹಾಕುತ್ತಿದ್ದುದು ಬಟ್ಟೆಯಲ್ಲಿ ಕಟ್ಟಿದ ಶೇಂಗಾ ಉಂಡಿ, ತಂಬಿಟ್ಟು, ಅಜ್ಜಿಯ ಕೈಯವು. ಮನೆಗೆ ಒಯ್ಯುವಂತಿರಲಿಲ್ಲ. ಎತ್ತಿನ ಗಾಡಿಗಳ ಮರೆಯಲ್ಲಿ ನಿಂತು ಇಬ್ಬರೂ ತಿಂದು ಮುಗಿಸುತ್ತಿದ್ದೆವು. ಅವ್ವ ಬಟ್ಟೆಯನ್ನೂ ಝಾಡಿಸಿ ಮೂಸಿ ನೋಡುತ್ತಿದ್ದಳು.

ಆಮೇಲೆ ಅಪ್ಪನ ಕೆಲಸದಿಂದಾಗಿ ನಾವು ಹರಿಹರಕ್ಕೆ ಬಂದೆವು. ಹೊಳೆದಂಡೆಯ ತೋಟಗಳ ಊರು, ಅಲ್ಲಿ ತರಕಾರಿಗೆ ಬರವಿಲ್ಲ. ಅವ್ವ ಸಂತೆಯ ಒಂದೊಂದು ಸಾಲನ್ನೂ ನಿಧಾನವಾಗಿ ನೋಡುತ್ತ ನಡೆಯುತ್ತಿದ್ದಳು, ಅರ್ಧ ಚೀಲ ಹಿಡಿದು ಮನೆಗೆ ಬರುತ್ತಿದ್ದಳು.

ಒಂದು ವರ್ಷ ಪಂಚಮಿಯ ಹಿಂದಿನ ಸಂತೆಯಲ್ಲಿ ಮಾವ ಅಲ್ಲಿದ್ದರು. ಲೋಕಿಕೆರೆಯಿಂದ ಹೊರಟು, ದಾವಣಗೆರೆಯನ್ನೂ ದಾಟಿ, ಬದನೆಕಾಯಿ ಕೇಳುವವರಿಲ್ಲದ ಊರಿಗೆ ಬದನೆಕಾಯಿ ತಂದಿದ್ದರು. ಅಕ್ಕಪಕ್ಕದವರು ಅವರನ್ನು ನೋಡಿ ನಗುತ್ತಿದ್ದರು. ಅವ್ವ ಆ ದಿನ ಚೌಕಾಸಿ ಮಾಡಲಿಲ್ಲ. ಮಾವ ತೂಗಿದರು, ಬಟ್ಟೆಯ ಗಂಟನ್ನು ಚೀಲದೊಳಗಿಟ್ಟರು. ಅವ್ವ ಚೀಲದ ಬಾಯಿ ಮುಚ್ಚದೆ ನಿಂತೇ ಇದ್ದಳು.

"ಮತ್ತೇನಾರ ಐತೇನ್ರಿ?"

ಮಾವ ತಕ್ಕಡಿಯ ಹಗ್ಗ ಸರಿಮಾಡಿದರು. "ಇಷ್ಟೇ ಅಮ್ಮಾರೆ."

ಆ ವರ್ಷ ಉಂಡಿಯನ್ನು ನಾನೊಬ್ಬಳೇ ತಿಂದೆ. ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಅವ್ವ ಲೋಕಿಕೆರೆಗೆ ಹೋದದ್ದು ಆಗಲೇ. ಅದಕ್ಕೆ ಯಾರೂ ಕರೆಯಬೇಕಿರಲಿಲ್ಲ.

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಮಾವ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದುಹೋಗುತ್ತಾರೆ, ನಾನು ಮಾಡಿದ ಎಣ್ಣೆಗಾಯಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಹರಿಹರಕ್ಕೆ ಅವರು ಬಂದದ್ದನ್ನು ನಾನೇ ಕಟ್ಟಿಕೊಂಡೆನೇನೋ ಎಂಬ ಅನುಮಾನವೂ ನನಗಿತ್ತು. ಕಳೆದ ಸಲ ಅವರು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಬಂದಿರಲಿಲ್ಲ ಎಂದು ಅವರು ಅನ್ನಲಿಲ್ಲ. ರೊಟ್ಟಿ ಮುರಿದು, ಉಪ್ಪು ತಾ ಎಂದರು. ನಾನು ಕೇಳಿದ್ದು ಇಷ್ಟೇ:

"ಮಾವ, ಅಷ್ಟು ದೂರ ಬಂದೋರು, 'ಪಂಚಮಿಗೆ ಬಾರವ್ವ' ಅಂತ ಒಂದು ಮಾತು ಯಾಕ ಅನ್ಲಿಲ್ರಿ?"