ಬಿಚ್ಚದೆ ಬಿಟ್ಟ ಬಲಚಕ್ರ

ಕುರುಗೋಡಿನ ಬೆಟ್ಟದ ಬದಿಯ ಇಳಿಜಾರಿನಲ್ಲಿ ಮೊನ್ನೆ ಕಲ್ಲು ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಹಿಂದಿನ ಚಕ್ರದಿಂದ ಬ್ರೇಕ್ ಲೈನರ್ ಸುಟ್ಟ ವಾಸನೆ ಬರುತ್ತಿತ್ತು. ಮೂಗಿಗೆ ಸೆರಗು ಹಿಡಿದು ನಾನು ಮುಂದೆ ನಡೆದೆ. ಮನಸ್ಸು ಮಾತ್ರ ಬಳ್ಳಾರಿಯ ಹಳೆಯ ಗ್ಯಾರೇಜೊಂದರ ಬಾಗಿಲಲ್ಲಿ ನಿಂತುಬಿಟ್ಟಿತು...

ಆ ಗ್ಯಾರೇಜಿನವರನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ದುಡಿಯುವ ಹೆಂಗಸರ ಸಂಘದ ಓಡಾಟಕ್ಕೆಂದು ಕೆಲವರು ಸೇರಿ ಒಂದು ಹಳೆಯ ಕಾರು ಇಟ್ಟುಕೊಂಡಿದ್ದೆವು. ಓಡಿಸುವವಳು ನಾನು, ಓಡುವಂತೆ ಇಡುವವರು ಅಣ್ಣ. ಅವರ ಪಾಲಿಗೆ ನಾವು ಬರೀ ಗಿರಾಕಿಗಳಾಗಿರಲಿಲ್ಲ. ಕೈಯ ಮಸಿ ಒರೆಸಿಕೊಂಡು ಅವರು ನಮ್ಮ ಸಭೆಗಳಿಗೂ ಬಂದು ಕೂರುತ್ತಿದ್ದರು.

ಒಂದು ಗಿರಣಿಯಲ್ಲಿ ಓಡುವ ಬೆಲ್ಟಿಗೆ ಸಿಕ್ಕಿ ನಮ್ಮ ಸಂಘದ ಒಬ್ಬ ಅಕ್ಕನ ಬಲಗೈ ಬೆರಳುಗಳು ಹೋದವು. ಬೆಲ್ಟಿನ ಮುಂದೆ ಕಾವಲು ಜಾಲರಿ ಇರಲಿಲ್ಲ. ಅದು ಮಾಲೀಕನ ಮೊದಲ ಅಪರಾಧ. ಅಧಿಕಾರಿಗಳು ತಪಾಸಣೆಗೆ ಬರುವ ದಿನ ಜಾಲರಿಯೊಂದನ್ನು ತಂದು ತಂತಿಯಿಂದ ಕಟ್ಟಿ ನಿಲ್ಲಿಸಿದ್ದು ಎರಡನೆಯದು. ಅದನ್ನು ಕೈಯಿಂದ ಅಲುಗಾಡಿಸಿ ಎಲ್ಲರೆದುರು ಬಯಲು ಮಾಡಿದವರು ಅಂದು ಸಂಘದವರ ಜೊತೆ ಬಂದಿದ್ದ ಅಣ್ಣ. "ಬೋಲ್ಟ್ ಇಲ್ಲದ ಜಾಲರಿ ಅಂದ್ರ ಸತ್ತೋರ ಫೋಟೋಕ್ಕ ಹಾಕಿದ ಹಾರ ಇದ್ದಂಗ್ರಿ ಸಾಹೇಬ್ರ. ನೋಡಾಕ ಚಂದ, ಅಷ್ಟ!" ಎಂದಾಗ ಹೆಂಗಸರೆಲ್ಲ ನಕ್ಕಿದ್ದರು. ನನಗಂತೂ ಹೆಮ್ಮೆಯೆನಿಸಿತ್ತು.

ಮಾಲೀಕನ ಮೇಲೆ ಸಂಘ ಕೊಟ್ಟ ದೂರಿನ ವಿಚಾರಣೆ ಬಳ್ಳಾರಿಯಲ್ಲಿ ನಿಗದಿಯಾಯಿತು. ಅಕ್ಕನನ್ನು ಕರೆತರುವುದು ನನ್ನ ಹೊಣೆ. ಬ್ರೇಕು ಸಡಿಲವಾಗಿದ್ದರಿಂದ ಹಿಂದಿನ ದಿನವೇ ಕಾರನ್ನು ಅಣ್ಣನ ಬಳಿ ಬಿಟ್ಟೆ. ಹಳೆಯ ಕಾರುಗಳ ಹಿಂದಿನ ಚಕ್ರದೊಳಗೆ ಕಬ್ಬಿಣದ ಡ್ರಮ್ ಇರುತ್ತದೆ. ಪೆಡಲ್ ತುಳಿದಾಗ ಅದರೊಳಗಿನ ಜೋಡಿ ಶೂಗಳು ಅಗಲವಾಗಿ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ. ಎರಡೂ ಚಕ್ರಗಳ ಶೂಗಳನ್ನು ಒಟ್ಟಿಗೇ ಬದಲಿಸಬೇಕೆಂದು ನನಗೆ ಹೇಳಿಕೊಟ್ಟವರೂ ಅಣ್ಣನೇ.

ಬಿಚ್ಚಿದ ಹಳೆಯ ಸಾಮಾನನ್ನು ಗಿರಾಕಿಯ ಮುಂದಿಡುವುದು ನಮ್ಮ ಕಡೆಯ ಗ್ಯಾರೇಜುಗಳ ರೂಢಿ. ಕೆಲಸ ಆಗಿದೆ ಎಂಬುದಕ್ಕೆ ಅದೇ ಪುರಾವೆ. ಅದನ್ನು ಕಂಡ ಮೇಲೆ ಚಕ್ರ ಬಿಚ್ಚಿಸಿ ನೋಡುವವರಿಲ್ಲ. ಸಂಜೆ ನಾನು ಹೋದಾಗ ಪೇಪರಿನ ಮೇಲೆ ನಾಲ್ಕು ಸವೆದ ಶೂಗಳಿದ್ದವು.

"ನೋಡು ತಂಗಿ, ರಿವಿಟ್ ಮಟ ಸವದಾವ. ಈಗ ಎಲ್ಲಾ ಹೊಸಾವು ಹಾಕೀನಿ. ನಿಶ್ಚಿಂತಿ ಹೋಗಿ ಬಾ."

ಮರುದಿನ ಬೆಳಿಗ್ಗೆ ಸಿರುಗುಪ್ಪದಲ್ಲಿ ಅಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಸಿದ್ಧಳಾಗಿದ್ದಳು. ಅಧಿಕಾರಿಯೆದುರು ಏನು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ವಿವರಿಸುತ್ತಿದ್ದರೆ ಅವಳು ನಕ್ಕಳು: "ಕೈ ಎತ್ತಿ ತೋರಿಸಿದ್ರ ಸಾಕಲ್ಲವ್ವ, ಮಾತು ಬ್ಯಾರೆ ಯಾಕ?"

ಊರು ದಾಟಿದ ಸ್ವಲ್ಪ ಹೊತ್ತಿಗೆ ಗದ್ದೆಯ ದಾರಿಯಿಂದ ಭತ್ತದ ಟ್ರಾಕ್ಟರ್ ಒಂದು ಫಕ್ಕನೆ ರಸ್ತೆಗೆ ಬಂತು. ಬ್ರೇಕ್ ತುಳಿದೆ. ಎಡಗಡೆಯ ಹಿಂಚಕ್ರ ಕಚ್ಚಿಕೊಂಡಿತು, ಬಲಗಡೆಯದು ಉರುಳುತ್ತಲೇ ಇತ್ತು. ಕಾರು ಎಡಕ್ಕೆಳೆದುಕೊಂಡು ಹೋಗಿ ಕಾಲುವೆಯ ಏರಿಗೆ ಬಡಿಯಿತು... ಅಕ್ಕನ ಹೆಗಲ ಮೂಳೆ ಮುರಿಯಿತು. ಅವಳು ಆಸ್ಪತ್ರೆಯಲ್ಲಿ ನರಳುತ್ತಿದ್ದಾಗ ಬಳ್ಳಾರಿಯಲ್ಲಿ ವಿಚಾರಣೆ ನಡೆಯಿತು. ಗಾಯಗೊಂಡ ಕಾರ್ಮಿಕ ಮಹಿಳೆ ಹಾಜರಿಲ್ಲವೆಂದು ದೂರು ಬಿದ್ದುಹೋಯಿತು. ಅವಳೇಕೆ ಬರಲಿಲ್ಲವೆಂದು ವಿಚಾರಿಸದೆ ಕಡತ ಮುಚ್ಚಿದ ಅಧಿಕಾರಿಯದೂ ಅಪರಾಧವೇ.

ಸಿರುಗುಪ್ಪದ ಮೆಕ್ಯಾನಿಕ್ ಒಬ್ಬರು ಕಾರಿನ ಹಿಂದಿನ ಚಕ್ರಗಳನ್ನು ಬಿಚ್ಚಿ ನನ್ನನ್ನು ಕರೆದರು. "ಮೇಡಂ, ಎಡಕ ಹೊಸಾವು ಅದಾವ. ಬಲಕ ಡ್ರಮ್ ತಗದೇ ಇಲ್ಲ ನೋಡ್ರಿ, ತುಕ್ಕು ಹಿಡದು ಕುಂತೈತಿ." ಬಹಳ ಹೊತ್ತು ತಟ್ಟಿದ ಮೇಲೆ ಡ್ರಮ್ ಕಳಚಿತು. ಒಳಗೆ ಎಣ್ಣೆಯಲ್ಲಿ ನೆನೆದು ಸವೆದ ಹಳೆಯ ಶೂಗಳು. ಹಾಗಾದರೆ ಪೇಪರಿನ ಮೇಲೆ ಕಂಡ ನಾಲ್ಕರಲ್ಲಿ ಎರಡು ಬೇರೆ ಯಾರದೋ ಕಾರಿನವು.

ಬಳ್ಳಾರಿಗೆ ಹೋಗಿ ಕೇಳಿದಾಗ ಅಣ್ಣ ಅಲ್ಲಗಳೆಯಲಿಲ್ಲ.

"ಡ್ರಮ್ ಬರಲಿಲ್ಲ ತಂಗಿ. ಎಷ್ಟ ಬಡದ್ರೂ ಬರಲಿಲ್ಲ. ನನ್ನ ಕೈಲೆ ಆಗಲಿಲ್ಲ ಅಂತ ನಿನಗ ಹೆಂಗ ಹೇಳ್ಲಿ?"

"ಹೇಳಿದ್ರ ಬಸ್ಸಿಗೆ ಹೋಗ್ತಿದ್ವಿ, ಅಣ್ಣ."

ಅವರು ತಲೆಯೆತ್ತಲಿಲ್ಲ. "ಆ ಹೆಣ್ಮಕ್ಕಳ ಮುಂದ ಮಾತ್ರ ಹೇಳಬ್ಯಾಡವ್ವ" ಎಂದರು.

ಸಂಘದ ಸಭೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ. ಡ್ರಮ್ ಬಾರದಿದ್ದುದು ಅಪರಾಧವಲ್ಲ. ಅದನ್ನು ಮುಚ್ಚಿಟ್ಟದ್ದು ಅಪರಾಧ. ಪರರ ಶೂಗಳನ್ನು ಪುರಾವೆಯೆಂದು ಮುಂದಿಟ್ಟದ್ದು ಅದಕ್ಕಿಂತ ದೊಡ್ಡದು. ಯಾರನ್ನು ಕೂರಿಸಿಕೊಂಡು ಹೋಗುತ್ತೇನೆಂದು ತಿಳಿದೂ ನಿಶ್ಚಿಂತೆಯಿಂದ ಹೋಗೆಂದದ್ದು ಎಲ್ಲಕ್ಕಿಂತ ದೊಡ್ಡದು. ಕೊನೆಗೆ ಹಿರಿಯಳೊಬ್ಬಳು, "ಮಾಲೀಕನ ಜಾಲರಿಗೆ ತಂತಿ, ಇಂವನ ಬ್ರೇಕಿಗೆ ಪೇಪರು. ಆದ್ರ ಅಂವ ಮಾಲೀಕ... ಇಂವ ನಮ್ಮಾಂವ ಇದ್ದನಲ್ಲೇ!" ಎಂದಳು. ಅಣ್ಣ ಮತ್ತೆ ಸಭೆಗೆ ಬರಲಿಲ್ಲ. ನಾನು ಆ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟೆ.

ಲಾರಿ ಕಂಡ ದಿನವೇ ಬಳ್ಳಾರಿಯ ಗೆಳತಿಗೆ ಫೋನ್ ಮಾಡಿ ವಿಚಾರಿಸಿದೆ. ಅಣ್ಣ ತೀರಿಕೊಂಡು ಬಹಳ ಕಾಲವಾಯಿತಂತೆ. ಅಕ್ಕನಿಗೆ ತಿಳಿಸಿದಾಗ ಅವಳು ನಿಟ್ಟುಸಿರಿಟ್ಟಳು.

"ಅಯ್ಯ ಪಾಪ... ನಾ ದವಾಖಾನ್ಯಾಗ ಇದ್ದಾಗ ಬಂದಿದ್ದವ್ವ. ಕಾಲು ಹಿಡಕೊಂಡು ಅತ್ತ. ನಾ ಅವತ್ತ ಅದನ್ನ ಮನಸಿಂದ ಬಿಟ್ಟಬಿಟ್ನಿ. ನಿನಗ ಹೇಳಬ್ಯಾಡ ಅಂದಿದ್ದ."

ಹೆಗಲು ಮುರಿದದ್ದು ಅವಳದು, ನ್ಯಾಯ ತಪ್ಪಿದ್ದೂ ಅವಳಿಗೆ. ಕ್ಷಮಿಸುವ ಹಕ್ಕೂ ಅವಳದೇ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಲ್ಲಿಯೂ ಅವರು ನನ್ನಿಂದ ಮರೆಮಾಚಿಯೇ ಹೋದರು... ನನಗೆ ಬೇಕಿದ್ದುದು ಅವರ ಕಣ್ಣೀರಲ್ಲ. ಆ ಸಂಜೆ "ಆಗಲಿಲ್ಲ ತಂಗಿ" ಎಂಬ ಒಂದು ಮಾತು, ಅಷ್ಟೇ. ಅದನ್ನು ಆಡಿದ್ದರೆ, ಅಣ್ಣ ಸತ್ತರೆಂದು ನಾನೂ ಇವತ್ತು ಅಳಬಹುದಿತ್ತು.